ಹಳೆಯ ಪೇಟಿ ಮಾರುವ ಮುನ್ನ: ದುರಸ್ತಿಗಿಂತ ಮೊದಲು ಪರೀಕ್ಷೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳೆಯ ಮನೆಗಳ ಅಟ್ಟಗಳಲ್ಲಿ, ಮಠ-ಗುಡಿಗಳ ಭಜನೆಯ ಕೋಣೆಗಳಲ್ಲಿ ಮೂಕವಾಗಿ ಕುಳಿತ ಹಾರ್ಮೋನಿಯಂಗಳು ಅಪರೂಪವಲ್ಲ. ತಿದಿ ಹರಿದಿರುತ್ತದೆ, ಒಂದೆರಡು ಪಟ್ಟಿಗಳು ಕುಸಿದಿರುತ್ತವೆ, ಮೇಲಿನ ಪಾಲಿಶು ಮಾಸಿರುತ್ತದೆ. ಮನೆ ಖಾಲಿ ಮಾಡುವಾಗಲೋ ಪಾಲು ಹಂಚಿಕೊಳ್ಳುವಾಗಲೋ ಇಂತಹ ಪೇಟಿಯನ್ನು ಮಾರುವ ಪ್ರಶ್ನೆ ಏಳುತ್ತದೆ. ಆಗ ಹೆಚ್ಚಿನವರು ಎರಡರಲ್ಲೊಂದು ತಪ್ಪು ಮಾಡುತ್ತಾರೆ: ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಇಲ್ಲವೇ ಬಣ್ಣ ಬಳಿಸಿ ಹೊಸದರಂತೆ ಮಾಡಿಸಿ ಮಾರಲು ಹೊರಡುತ್ತಾರೆ. ಎರಡರಲ್ಲೂ ನಷ್ಟ ಮಾರುವವರದೇ.

ಈ ಸೀಮೆಯಲ್ಲಿ ಪೇಟಿಗಳು ಇಷ್ಟೊಂದು ಉಳಿದಿರುವುದಕ್ಕೆ ಕಾರಣವಿದೆ. ಇದು ಭಜನೆಯ ಜೊತೆಗೆ ವೃತ್ತಿರಂಗಭೂಮಿಯೂ ಬೆಳೆದ ನೆಲ. ಕಲಾವೈಭವ ನಾಟ್ಯಸಂಘವನ್ನು ಕಟ್ಟಿ ಬೆಳೆಸಿದ ಏಣಗಿ ಬಾಳಪ್ಪನವರು 1914ರಲ್ಲಿ ಜನಿಸಿದ್ದು ಸವದತ್ತಿ ಸೀಮೆಯ ಏಣಗಿಯಲ್ಲಿ. ಕಂಪನಿ ನಾಟಕದ ಸಂಗೀತವೆಲ್ಲ ನಿಂತಿದ್ದುದು ಪೇಟಿ ಮಾಸ್ತರರ ಬೆರಳುಗಳ ಮೇಲೆ. ಅತ್ತ ಬೆಳಗಾವಿಯಲ್ಲಿ ಪಂಡಿತ ರಾಮಭಾವು ವಿಜಾಪುರೆ (1917-2010) ಹಲವು ದಶಕಗಳ ಕಾಲ ಹಾರ್ಮೋನಿಯಂ ನುಡಿಸಿದರು, ಕಲಿಸಿದರು. ಹೀಗೆ ಈ ವಾದ್ಯ ದೊಡ್ಡ ಕಲಾವಿದರಲ್ಲಿ ಮಾತ್ರವಲ್ಲ, ಹಳ್ಳಿಯ ಕಲಿಕೆಯವರ ಮನೆಯಲ್ಲೂ ಸ್ಥಾನ ಪಡೆಯಿತು.

ಬೆಲೆ ಇರುವುದು ಒಳಗೆ

ಹಾರ್ಮೋನಿಯಂ ಮೂಲತಃ ಯುರೋಪಿನದು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೈನ್ ಈ ಹೆಸರಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಕಾಲಿನಿಂದ ತುಳಿದು ನುಡಿಸುವಂಥದು. ನೆಲದ ಮೇಲೆ ಕುಳಿತು, ಒಂದು ಕೈಯಿಂದ ತಿದಿ ಒತ್ತಿ ನುಡಿಸುವ ರೂಪಕ್ಕೆ ಅದನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಂದವರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಪ್ರಮುಖರು. ಪೆಟ್ಟಿಗೆ ಇಲ್ಲಿ ತಯಾರಾದರೂ ಹಿತ್ತಾಳೆಯ ರೀಡುಗಳು ಬಹುಕಾಲ ಫ್ರಾನ್ಸ್, ಜರ್ಮನಿಗಳಿಂದ ಬರುತ್ತಿದ್ದವು. ಮುಂದೆ ಗುಜರಾತಿನ ಪಾಲಿತಾಣಾ ರೀಡು ತಯಾರಿಕೆಗೆ ಹೆಸರಾಯಿತು.

ಬಲ್ಲವರು ಪೇಟಿಯ ಹೊರಮೈಗಿಂತ ಮೊದಲು ರೀಡುಗಳನ್ನು ನೋಡುವುದು ಇದೇ ಕಾರಣಕ್ಕೆ. ಹಿತ್ತಾಳೆಯ ಪಟ್ಟಿಕೆಯ ಸೀಳಿನಲ್ಲಿ ತೆಳುವಾದ ನಾಲಗೆಯೊಂದು ಗಾಳಿಗೆ ಕಂಪಿಸಿದಾಗ ಸ್ವರ ಹುಟ್ಟುತ್ತದೆ. ನಾಲಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಆದರೆ ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಅನುಭವವಿಲ್ಲದವರು ಶ್ರುತಿ ಮಾಡಲು ಹೋಗಿ ಹಳೆಯ ರೀಡುಗಳನ್ನು ಸವೆಸಿದರೆ, ಅಥವಾ ಅವನ್ನು ತೆಗೆದು ಅಗ್ಗದ ರೀಡುಗಳನ್ನು ಕೂರಿಸಿದರೆ, ಪೇಟಿಯ ಜೀವವೇ ಹೋದಂತೆ.

ಶ್ರುತಿ ಬೇರೆಯಾಗಿ ಕೇಳಿಸಿದ ಮಾತ್ರಕ್ಕೆ ವಾದ್ಯ ಕೆಟ್ಟಿದೆ ಎನ್ನುವಂತಿಲ್ಲ. ಈಗ ಸಾಮಾನ್ಯವಾಗಿರುವ, 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂಬ ಅಳತೆಯನ್ನು ಅಂತಾರಾಷ್ಟ್ರೀಯ ಸಭೆಯೊಂದು ಒಪ್ಪಿದ್ದು 1939ರಲ್ಲಿ. ಫ್ರಾನ್ಸ್ 1859ರಲ್ಲಿ ನಿಗದಿಪಡಿಸಿದ್ದು 435. ಹೀಗಾಗಿ ಹಳೆಯ ಪೇಟಿ ಇಂದಿನ ಕೀಬೋರ್ಡಿಗೆ ಹೊಂದದಿದ್ದರೂ ತನ್ನೊಳಗೆ ಸರಿಯಾಗಿಯೇ ಇರಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಯಾವ ಪಟ್ಟಿಯನ್ನೂ ಒತ್ತದೆ ತಿದಿಯನ್ನು ತುಂಬಿ ನೋಡಬೇಕು. ಗಾಳಿ ಬೇಗನೆ ಸೋರಿದರೆ ತಿದಿಯ ಮಡಿಕೆ ಅಥವಾ ಚರ್ಮದ ಬೆಸುಗೆ ಸಡಿಲವಾಗಿದೆ ಎಂದರ್ಥ. ಒತ್ತದೆಯೇ ಸ್ವರ ಹೊರಟರೆ ಪಟ್ಟಿಯ ಕೆಳಗಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಇವೆರಡೂ ಸರಿಪಡಿಸಬಹುದಾದ ದೋಷಗಳು. ಬಳಿಕ ಪ್ರತಿ ಪಟ್ಟಿಯನ್ನೂ ನುಡಿಸಿ, ಮೂಕ ಸ್ವರಗಳನ್ನು ಬರೆದಿಡಬೇಕು. ಎಷ್ಟೋ ಸಲ ನಾಲಗೆಗೆ ಸಿಕ್ಕಿದ ಧೂಳಿನ ಎಳೆಯೇ ಮೌನಕ್ಕೆ ಕಾರಣ. ನಾಲಗೆ ಮುರಿದಿದ್ದರೆ ಮಾತ್ರ ಬದಲಾವಣೆ ಅನಿವಾರ್ಯ.

ವಾದ್ಯ ಇದ್ದ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಲೆನಾಡಿನ ಸೆರಗಿಗೆ ತಾಗಿದ ಕಿತ್ತೂರಿನ ಕಡೆ ಮಳೆಗಾಲದ ತೇವಕ್ಕೆ ಚರ್ಮ ಬೂಷ್ಟು ಹಿಡಿಯುತ್ತದೆ, ಪಟ್ಟಿಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ. ರಾಮದುರ್ಗ, ಸವದತ್ತಿಯ ಒಣ ಬಿಸಿಲಿಗೆ ಹಲಗೆ ಬಿರುಕು ಬಿಡುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹಲವು ಊರುಗಳಿಗೆ ನುಗ್ಗಿದಂತಹ ನೆರೆಯಲ್ಲಿ ನೆನೆದ ಪೇಟಿಯ ಸಂಗತಿ ಇನ್ನೂ ಬೇರೆ. ಹಳೆಯ ಅಂಟು ನೀರಿಗೆ ಕರಗುವುದರಿಂದ ಮೇಲೆ ಗಟ್ಟಿಯಾಗಿ ಕಂಡರೂ ಒಳಗಿನ ಜೋಡಣೆ ಬಿಟ್ಟಿರಬಹುದು. ನೆನೆದದ್ದನ್ನು ಮುಚ್ಚಿಟ್ಟು ಮಾರಿದರೆ ಜಗಳ ತಪ್ಪಿದ್ದಲ್ಲ.

ಬೆಲೆ ಕಟ್ಟುವ ಬಗೆ

ಹಳೆಯದೆಲ್ಲ ಬೆಲೆಬಾಳುವುದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಸಾಧಾರಣ ರೀಡುಗಳ ಪೇಟಿಯಾದರೆ ದುರಸ್ತಿಯ ಖರ್ಚೇ ಮಾರಾಟದ ಮೊತ್ತವನ್ನು ಮೀರಬಹುದು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಅಥವಾ ವಾದ್ಯ ತಯಾರಿಕೆಗೆ ಹೆಸರಾದ ಮೀರಜಿನಲ್ಲಿ ಕನಿಷ್ಠ ಇಬ್ಬರು ಕುಶಲಕರ್ಮಿಗಳಿಗೆ ತೋರಿಸಿ, ದುರಸ್ತಿಯ ಅಂದಾಜನ್ನು ಬರಹದಲ್ಲಿ ಪಡೆಯುವುದು ಒಳಿತು. ಅಂತಹುದೇ ಸುಸ್ಥಿತಿಯ ಪೇಟಿಗೆ ಬರುವ ಬೆಲೆಯಲ್ಲಿ ಈ ಅಂದಾಜನ್ನು ಕಳೆದರೆ ಉಳಿಯುವುದೇ ನ್ಯಾಯವಾದ ಬೆಲೆ. ಧೂಳು ಒರೆಸುವುದನ್ನು ಬಿಟ್ಟು ಬೇರೇನನ್ನೂ ಮಾಡಿಸಬೇಕಿಲ್ಲ; ಹೇಗೆ ದುರಸ್ತಿ ಮಾಡಿಸಬೇಕೆಂಬ ಆಯ್ಕೆಗೂ ಕೊಳ್ಳುವವರು ಬೆಲೆ ಕೊಡುತ್ತಾರೆ. ನಗರಗಳಲ್ಲಿ ಬಿಕರಿಯಾಗುವ ಹಳೆಯ ಅಕೌಸ್ಟಿಕ್ ಗಿಟಾರ್‌ಗಳಿಗೂ ಇದೇ ಮಾತು: ಮೂಲ ಪಾಲಿಶನ್ನು ಕೆರೆದು ಹೊಸದನ್ನು ಬಳಿದರೆ ಬೆಲೆ ಏರುವ ಬದಲು ಇಳಿಯುತ್ತದೆ.

ಮುಚ್ಚಳ ತೆರೆದು ಒಳಭಾಗದ ಚಿತ್ರ, ರೀಡಿನ ಮೇಲಿನ ಮುದ್ರೆ, ಪ್ರತಿ ಸ್ವರದ ಧ್ವನಿಮುದ್ರಣ, ದೋಷಗಳ ಪಟ್ಟಿ - ಇಷ್ಟಿದ್ದರೆ ದೂರದ ಗ್ರಾಹಕರೂ ಸಿಗುತ್ತಾರೆ. ನಾಟಕ ಕಂಪನಿಯ ಹಳೆಯ ಛಾಯಾಚಿತ್ರ, ಖರೀದಿ ರಸೀದಿಗಳಿದ್ದರೆ ಜೊತೆಗಿಡಬೇಕು. ಅಂತರ್ಜಾಲದ ಮೂಲಕ ಮಾರುವವರು ಒಂದು ಎಚ್ಚರ ವಹಿಸಬೇಕು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ, ಒತ್ತಿರೆಂದು ಹೇಳುವವನು ಗಿರಾಕಿಯಲ್ಲ, ವಂಚಕ.

ಕಾನೂನು ಮತ್ತು ಹಕ್ಕು

ಹಳೆಯ ಪಟ್ಟಿಗಳ ಹೊದಿಕೆ ಬಹುಮಟ್ಟಿಗೆ ಸೆಲ್ಯುಲಾಯ್ಡ್ ಅಥವಾ ಮೂಳೆಯದಾದರೂ ಆನೆದಂತವಿರುವ ಸಾಧ್ಯತೆ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ದಂತದ ವ್ಯಾಪಾರವನ್ನು ನಿಷೇಧಿಸಿದೆ. ಅನುಮಾನವಿದ್ದರೆ ಅರಣ್ಯ ಇಲಾಖೆಯನ್ನು ವಿಚಾರಿಸಿಯೇ ಮುಂದುವರಿಯಬೇಕು. ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಕಾದ ಸೂಜಿ ಚುಚ್ಚಿ ಪರೀಕ್ಷಿಸುವುದು ಅಪಾಯ. ನೂರು ವರ್ಷ ದಾಟಿದ ಕುಶಲ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಹೊರದೇಶಕ್ಕೆ ಕಳಿಸುವ ಮುನ್ನ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಸಂಪರ್ಕಿಸಬೇಕು.

ಇವೆಲ್ಲಕ್ಕೂ ಮೊದಲು ಪೇಟಿ ಯಾರದೆಂಬುದು ನಿಶ್ಚಯವಾಗಬೇಕು. ಭಜನಾ ಮಂಡಳಿಗಾಗಿ ಊರವರು ವಂತಿಗೆ ಹಾಕಿ ತಂದ ಪೇಟಿ ಅದನ್ನು ಇಟ್ಟುಕೊಂಡ ಮನೆಯವರ ಸ್ವತ್ತಾಗದು. ಅಂತಹದನ್ನು ಸಭೆ ಸೇರಿಸಿ, ನಿರ್ಣಯ ಬರೆದೇ ಮಾರಬೇಕು.

ಗುಜರಿಯ ತಕ್ಕಡಿಯಲ್ಲಿ ಪೇಟಿ ಎಂದರೆ ಒಂದಿಷ್ಟು ಸಾಗುವಾನಿ, ಒಂದಿಷ್ಟು ಹಿತ್ತಾಳೆ. ಅದೇ ರೀಡುಗಳು ಬಲ್ಲವರ ಕೈ ಸೇರಿದರೆ ಇನ್ನೊಂದು ತಲೆಮಾರಿನ ಹಾಡಿಗೆ ಜೊತೆಯಾಗುತ್ತವೆ. ಮಾರುವವರು ಒಂದು ದಿನ ಬಿಡುವು ಮಾಡಿಕೊಂಡು ಮುಚ್ಚಳ ತೆರೆದು ನೋಡಿದರೆ, ತಮ್ಮ ಪೇಟಿ ಇವೆರಡರಲ್ಲಿ ಯಾವುದಕ್ಕೆ ತಕ್ಕದ್ದೆಂಬುದು ತಿಳಿಯುತ್ತದೆ.