ಡಬ್ಬಿಯೊಳಗಿನ ದಾಳಿಂಬೆ

ವಿಜಯಪುರ, ಬಾಗಲಕೋಟೆ ಕಡೆಯ ನಮಗೆ ದಾಳಿಂಬೆ ಚಾಟ್ನಿ ಹೊಸದೇನಲ್ಲ. ಹೊಲದಲ್ಲಿ ಹಣ್ಣಿಗಾಗಿ ಕತ್ತರಿ ಆಡಿಸ್ತೀವಿ. ಬೋನ್ಸಾಯ್‌ನಲ್ಲಿ ಆಕಾರಕ್ಕಾಗಿ, ಅಷ್ಟೇ. ತೈಫ್‌ನ ರುಮ್ಮಾನ್ ತಿಂದವರಿಗೆ ಗೊತ್ತು, ಈ ಗಿಡ ಸೌದಿಗೂ ಒಗ್ಗುತ್ತದೆ. ರಿಯಾದ್‌ನ ನಮ್ಮ ಕ್ಯಾಂಪಿನಲ್ಲಿ ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿಯಲ್ಲಿ ನಾನು ಒಂದನ್ನು ಬೆಳೆಸಿದ್ದೇನೆ.

ಚಳಿಗೆ ಎಲೆ ಉದುರಿದಾಗ ಕೊಂಬೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಚಳಿ ಮುಗಿಯುವಾಗ, ಕಣ್ಣು ಉಬ್ಬುವ ಮುಂಚೆ ಕತ್ತರಿಸಿ. ಒಂದಕ್ಕೊಂದು ತಿಕ್ಕುವ ಕೊಂಬೆ ಮೊದಲು ತೆಗೆಯಿರಿ. ದಾಳಿಂಬೆಗೆ ಕಣ್ಣುಗಳು ಜೋಡಿಯಾಗಿ ಬರುತ್ತವೆ. ಹೊರಮುಖದ್ದನ್ನು ಉಳಿಸಿ, ಒಳಗಿನದನ್ನು ಉಗುರಿನಿಂದ ಚಿವುಟಿ. ಬುಡ ದಪ್ಪ ಆಗಬೇಕಾ? ಒಂದು ಚಿಗುರನ್ನು ಉದ್ದಕ್ಕೆ ಬೆಳೆಯಲು ಬಿಟ್ಟು, ಆಮೇಲೆ ಮೋಟು ಮಾಡಿ. ಬಾಗಿಸಲು ಸುತ್ತಿದ ತಂತಿಯನ್ನು ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿ. 45 ಡಿಗ್ರಿ ಬಿಸಿಲಲ್ಲಿ ದೊಡ್ಡ ಕತ್ತರಿ ಕೆಲಸ ಬೇಡ. ಮಧ್ಯಾಹ್ನ ನೆರಳು, ಬೆಳಿಗ್ಗೆ-ಸಂಜೆ ನೀರು ಸಾಕು.

ಹಿಂದಿನ ಸಲ ರಜೆಗೆ ಊರಿಗೆ ಹೋದಾಗ ನೀರು ತಪ್ಪಿ ಒಂದು ಕೊಂಬೆ ಒಣಗಿತು. ರೂಮಿನ ಹುಡುಗರ ತಪ್ಪಲ್ಲ. ನಾನೇ ಯಾರಿಗೂ ಕಲಿಸಿರಲಿಲ್ಲ.

ಈಗ ನನಗೆ ಫೈನಲ್ ಎಕ್ಸಿಟ್. ಗಿಡವನ್ನು ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಇಲ್ಲದೆ ಊರಿಗೆ ಒಯ್ಯಲಾಗದು. ಅದಕ್ಕೇ ಈ ಚಳಿಗಾಲ ಕತ್ತರಿಯನ್ನು ರೂಮಿನ ಕಿರಿಯನ ಕೈಗೆ ಕೊಟ್ಟೆ. "ಅಣ್ಣಾ, ತಪ್ಪಿ ಕತ್ತರಿಸಿದ್ರೆ?" ಅಂದ.

"ಮತ್ತೆ ಚಿಗುರತೈತಿ, ಹೆದರಬ್ಯಾಡ" ಅಂದೆ.