ಮರದ ಸೀಟಿಗೆ ಜಿಗ್: ಕೊಳ್ಳುವುದೋ, ನಾವೇ ಮಾಡಿಕೊಳ್ಳುವುದೋ?



ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಸುಮಾರು 60 ಕಿ.ಮೀ. ದೂರದಲ್ಲಿ ಸಿಗುವ ಊರು ಅದು. ಹಾಲೆ ಮರವನ್ನು ಲೇತ್ ಮೇಲೆ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ಕೇದಗೆ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. 2005–06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಈ ಕಸುಬನ್ನು ಇವತ್ತು ಹೆಂಗಸರೂ ಮಾಡುತ್ತಿದ್ದಾರೆ. ಮಣಿ, ಬಳೆ, ಗಿಲಕಿ, ಬುಗುರಿ, ಸೀಟಿ ಹೀಗೆ ಸಣ್ಣ ಸಾಮಾನಿನ ಕೆಲಸವನ್ನು ಆದಾಯೋತ್ಪನ್ನ ಚಟುವಟಿಕೆಯಾಗಿ ತೆಗೆದುಕೊಳ್ಳುವ ಸಂಘಗಳೂ ಇವೆ.

ಇಂಥ ಕೆಲಸದಲ್ಲಿ ಕೈ ಪಳಗಲು ತಿಂಗಳುಗಳು ಬೇಕು. ಕೈ ಪಳಗಿದ ಮೇಲೂ ಒಂದು ತೊಂದರೆ ಉಳಿಯುತ್ತದೆ. ಒಂದು ಸೀಟಿ ಚೆನ್ನಾಗಿ ಬರುತ್ತದೆ, ಊದಿದರೆ ಕಿವಿ ತುಂಬುತ್ತದೆ. ಪಕ್ಕದ ಅಕ್ಕ ಮಾಡಿದ್ದು ಬರೀ 'ಹುಸ್' ಅನ್ನುತ್ತದೆ. ನೋಡಲು ಎರಡೂ ಒಂದೇ. ನೂರು ಕೇಳಿದ ಅಂಗಡಿಯವನು ಎಲ್ಲವನ್ನೂ ಊದಿ ನೋಡಿ, ಅರ್ಧ ವಾಪಸ್ ಕೊಟ್ಟರೆ ಮರವೂ ಹೋಯಿತು, ಅರಗೂ ಹೋಯಿತು, ನಾಲ್ಕು ದಿನದ ಕೂಲಿಯೂ ಹೋಯಿತು. ಸಂಘದ ಸಾಲದ ಕಂತು ಮಾತ್ರ ಹಾಗೇ ನಿಂತಿರುತ್ತದೆ. ಆದ್ದರಿಂದ ಈ ಸಲ ಜಿಗ್ ಬಗ್ಗೆ ಬರೆಯುತ್ತಿದ್ದೇನೆ.

ಜಿಗ್ ಅಂದರೆ ಏನು?

ಹೆಸರು ಕೇಳಿ ಹೆದರಬೇಡಿ. ಚಕ್ಕುಲಿ ಒರಳು ನಮಗೆಲ್ಲ ಗೊತ್ತು. ಯಾರು ಒತ್ತಿದರೂ ಚಕ್ಕುಲಿಯ ದಪ್ಪ ಒಂದೇ. ಅಳತೆ ಇರುವುದು ಕೈಯಲ್ಲಲ್ಲ, ಬಿಲ್ಲೆಯ ತೂತಿನಲ್ಲಿ. ಜಿಗ್ ಕೂಡ ಹಾಗೆಯೇ. ಮರದ ತುಂಡು ಎಲ್ಲಿ ಕೂರಬೇಕು, ಅಲುಗಾಡದೆ ಹೇಗೆ ನಿಲ್ಲಬೇಕು, ಗರಗಸ ಅಥವಾ ಉಳಿ ಎಲ್ಲಿಗೆ ನಿಲ್ಲಬೇಕು, ಈ ಮೂರನ್ನೂ ಅದು ಮೊದಲೇ ತೀರ್ಮಾನ ಮಾಡಿಟ್ಟಿರುತ್ತದೆ. ಕೆಲಸ ಮಾಡುವವರು ಪ್ರತಿ ಸಲ ಸ್ಕೇಲ್ ಹಿಡಿದು ಗೆರೆ ಎಳೆಯಬೇಕಾಗಿಲ್ಲ.

ಗೇಜ್ ಬೇರೆ, ಜಿಗ್ ಬೇರೆ. ಗೇಜ್ ಅಳತೆ ಸರಿ ಇದೆಯೋ ಇಲ್ಲವೋ ಎಂದು ಹೇಳುತ್ತದೆ ಅಷ್ಟೆ. ಜಿಗ್ ಕೆಲಸವನ್ನೇ ಅಳತೆಗೆ ತರುತ್ತದೆ. ನಮಗೆ ಎರಡೂ ಬೇಕು.

ಅಮೆರಿಕದಲ್ಲಿ ಬಾತುಕೋಳಿಯ ಕೂಗನ್ನು ಅನುಕರಿಸುವ ಮರದ ಪೀಪಿ ಮಾಡುತ್ತಾರೆ. ಅಲ್ಲಿನ ಆರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಊರಲ್ಲಿ 1936ರಿಂದ ಅದನ್ನು ಊದುವ ಸ್ಪರ್ಧೆಯೇ ಶುರುವಾಯಿತು. ಪೀಪಿಯೊಳಗೆ ತೆಳುವಾದ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ನಾಲಿಗೆ ಕೂರುವ ಮರದ ಹಾಸು ಸ್ವಲ್ಪ ಬಾಗಿರಬೇಕು. ಆ ಬಾಗು ಕೂದಲೆಳೆಯಷ್ಟು ಬದಲಾದರೂ ಸ್ವರ ಬದಲಾಗುತ್ತದೆ. ಅದಕ್ಕೇ ಅವರು ಗಟ್ಟಿ ಉಕ್ಕಿನ ಜಿಗ್‌ನಲ್ಲಿ ಮರ ಸಿಕ್ಕಿಸಿ, ಉಕ್ಕಿನ ಅಂಚು ತಾಗುವ ತನಕ ಅರ ಹಾಕುತ್ತಾರೆ. ಅದು ಬೇಟೆಗಾರರ ಸಾಮಾನು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ನಿಷೇಧವಿದೆ, ಆದ್ದರಿಂದ ನಮಗೆ ಆ ಪೀಪಿ ಬೇಡ. ಆದರೆ ಅವರ ಉಪಾಯ ನಮ್ಮ ಮಕ್ಕಳ ಸೀಟಿಗೂ ಬರುತ್ತದೆ.

ಸೀಟಿ ಯಾಕೆ ಕೂಗುತ್ತದೆ?

ಇದು ತಿಳಿದರೆ ಜಿಗ್ ಎಲ್ಲಿ ಬೇಕು ಎಂದು ತಾನಾಗಿ ಗೊತ್ತಾಗುತ್ತದೆ. ಒಂದು ಮಾದರಿ ಹೇಳುತ್ತೇನೆ. ಹೊರಗೆ 20 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಕಡೆದ ತುಂಡು. ಅದರ ನಡುವೆ 10 ಮಿ.ಮೀ. ತೂತು, 55 ಮಿ.ಮೀ. ಆಳ, ತಳ ಮುಚ್ಚಿರಬೇಕು. ಬಾಯಿ ಕಡೆಯಿಂದ 16 ಮಿ.ಮೀ. ಬಿಟ್ಟು ಮೇಲೆ ಒಂದು ಕಿಟಕಿ. ಅದರ ಬಾಯಿ ಕಡೆಯ ಗೋಡೆ ನೇರ, ಆಚೆ ಕಡೆ ಇಳಿಜಾರು. ಬಾಯಿಯ ತೂತಿಗೆ 16 ಮಿ.ಮೀ. ಉದ್ದದ ಬಿರಡೆ. ಬಿರಡೆಯ ಮೇಲ್ಭಾಗವನ್ನು 1.2 ಮಿ.ಮೀ.ಯಷ್ಟು ಚಪ್ಪಟೆ ಮಾಡಿರಬೇಕು.

ಊದಿದ ಗಾಳಿ ಆ ಚಪ್ಪಟೆ ಸಂದಿನಲ್ಲಿ ಹಾಳೆಯಂತೆ ಹೊರಟು ಇಳಿಜಾರಿನ ಚೂಪು ಅಂಚಿಗೆ ಬಡಿಯುತ್ತದೆ. ಒಮ್ಮೆ ಒಳಗೆ, ಒಮ್ಮೆ ಹೊರಗೆ ಎಂದು ಗಾಳಿ ತೂಗಾಡುತ್ತದೆ, ಒಳಗಿನ ಖಾಲಿ ಜಾಗ ಅದಕ್ಕೆ ದನಿಗೂಡಿಸುತ್ತದೆ. ಸಂದು ದೊಡ್ಡದಾದರೆ ಗಾಳಿ ಚದುರಿ 'ಹುಸ್' ಅನ್ನುತ್ತದೆ. ಚಿಕ್ಕದಾದರೆ ಎಷ್ಟು ಊದಿದರೂ ದಮ್ಮು ಕಟ್ಟುತ್ತದೆ. ಒಳಗಿನ ಆಳ ಕಡಿಮೆಯಾದರೆ ದನಿ ಕೀರಲು, ಹೆಚ್ಚಾದರೆ ದಪ್ಪ. ಹಾಗಾಗಿ ಹೊರಗಿನ ಅಂದಕ್ಕಿಂತ ಈ ಮೂರು ಜಾಗ ಮುಖ್ಯ: ತೂತಿನ ಆಳ, ಕಿಟಕಿಯ ಕತ್ತರಿಕೆ, ಬಿರಡೆಯ ಚಪ್ಪಟೆ.

ಆಳಕ್ಕೆ ದೊಡ್ಡ ಸಾಹಸ ಬೇಡ. ಡ್ರಿಲ್ ಬಿಟ್‌ಗೆ ಮರದ ಬಳೆಯೊಂದನ್ನು ಸಿಕ್ಕಿಸಿ, ತುದಿಯಿಂದ 55 ಮಿ.ಮೀ.ಗೆ ಭದ್ರ ಮಾಡಿ. ಬಳೆ ಮರಕ್ಕೆ ತಾಗಿದರೆ ನಿಲ್ಲಿಸಿ. ಕಾಗದದ ಟೇಪ್ ಸುತ್ತಿ ಗುರುತು ಮಾಡುವವರಿದ್ದಾರೆ, ಅದು ಹತ್ತು ತೂತಿಗೇ ಮೇಲೆ ಸರಿಯುತ್ತದೆ. ತೂತು ಕೊರೆಯುವಾಗ ತುಂಡನ್ನು ಕೈಯಲ್ಲಿ ಹಿಡಿಯಲೇಬೇಡಿ. ಬಿಟ್ ಕಚ್ಚಿಕೊಂಡರೆ ತುಂಡು ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ. ಲೇತ್‌ನ ಹಿಡಿತದಲ್ಲೇ ಕೊರೆಯಬೇಕು, ಇಲ್ಲವೇ ಕ್ಲಾಂಪ್ ಹಾಕಬೇಕು.

ಬಿರಡೆಯ ಜಿಗ್

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಖರ್ಚು ಏನೂ ಇಲ್ಲ, ಬುದ್ಧಿ ಮಾತ್ರ ಇದೆ. ಹೊನ್ನೆ ಅಥವಾ ತೇಗದಂಥ ಗಟ್ಟಿ ಮರದ ಚೌಕ ತುಂಡಿಗೆ ಉದ್ದುದ್ದಕ್ಕೆ 10 ಮಿ.ಮೀ. ತೂತು ಕೊರೆಸಿ. ಆಮೇಲೆ ಆ ತುಂಡಿನ ಒಂದು ಮುಖಕ್ಕೆ ಹತ್ತರಿ ಹಾಕುತ್ತಾ ಬನ್ನಿ. ಒಂದು ಹಂತದಲ್ಲಿ ತೂತು ಮೇಲಕ್ಕೆ ತೆರೆದುಕೊಳ್ಳುತ್ತದೆ. ಅದರೊಳಗೆ ಪಕ್ಕದಿಂದ ತೂರಿಸಿದ 10 ಮಿ.ಮೀ. ಕಡ್ಡಿ ಮುಖಕ್ಕಿಂತ 1.2 ಮಿ.ಮೀ. ಮೇಲೆ ಎದ್ದು ನಿಲ್ಲಬೇಕು. ಈಗ ಜಿಗ್ಗನ್ನು ಬೋರಲು ಹಾಕಿ, ಹಲಗೆಗೆ ಅಂಟಿಸಿದ ಸ್ಯಾಂಡ್ ಪೇಪರ್ (ಉಪ್ಪು ಕಾಗದ) ಮೇಲೆ ಉಜ್ಜಿ. ಎದ್ದು ನಿಂತಷ್ಟೇ ಸವೆದು ಸಮವಾಗುತ್ತದೆ. ತೆರೆದ ಬಾಯಿ ಸುಮಾರು ಆರೂವರೆ ಮಿ.ಮೀ. ಅಗಲವಿರುತ್ತದೆ, ಕಡ್ಡಿ 10 ಇರುವುದರಿಂದ ಕೆಳಗೆ ಬೀಳುವುದಿಲ್ಲ.

ಆದರೆ ಒಂದು ಸಮಸ್ಯೆ. ಸ್ಯಾಂಡ್ ಪೇಪರ್ ಕಡ್ಡಿಯನ್ನು ಮಾತ್ರ ತಿನ್ನುವುದಿಲ್ಲ, ಜಿಗ್ಗನ್ನೂ ತಿನ್ನುತ್ತದೆ. ಐವತ್ತು ಬಿರಡೆ ಆಗುವಷ್ಟರಲ್ಲಿ ಜಿಗ್ ತೆಳ್ಳಗಾಗಿ, ಚಪ್ಪಟೆ ಹೆಚ್ಚಾಗಿ, ಸೀಟಿ ಮತ್ತೆ 'ಹುಸ್' ಅನ್ನತೊಡಗುತ್ತದೆ. ಅಮೆರಿಕದವರು ಉಕ್ಕು ಬಳಸುವುದು ಇದಕ್ಕೇ. ನಾವು ಗುಜರಿಯ ಹ್ಯಾಕ್ಸಾ ಬ್ಲೇಡು ಬಳಸೋಣ. ಎರಡು ತುಂಡುಗಳ ಹಲ್ಲು ಉಜ್ಜಿ ತೆಗೆಸಿ, ತೆರೆದ ಬಾಯಿಯ ಎರಡೂ ಬದಿಗೆ ಅರಾಲ್ಡೈಟ್ ಹಾಕಿ ಅಂಟಿಸಿ. ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಇರುತ್ತದೆ. ಆದ್ದರಿಂದ ಬ್ಲೇಡ್ ಅಂಟಿಸುವುದಿದ್ದರೆ ಮೊದಲು 1.8 ಮಿ.ಮೀ. ಎದ್ದು ನಿಲ್ಲುವ ತನಕ ಹತ್ತರಿ ಹೊಡೆಯಬೇಕು. ಬ್ಲೇಡ್ ಕೂತ ಮೇಲೆ 1.2 ಉಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡೇ ಕೆಲಸಕ್ಕೆ ಕೈ ಹಾಕಿ.

ಕಿಟಕಿಯ ಜಿಗ್

ದುಂಡು ಮರ ಗರಗಸದ ಕೆಳಗೆ ಉರುಳುತ್ತದೆ, ಅಪಾಯವೂ ಇಲ್ಲೇ. ಎರಡು ಪಟ್ಟಿಗಳನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಜೋಡಿಸಿದ ತೊಟ್ಟಿಲಲ್ಲಿ ಸೀಟಿಯನ್ನು ಮಲಗಿಸಿ, ಬಾಯಿ ಕಡೆ ಒಂದು ಅಡ್ಡ ಹಲಗೆ ಬಡಿಯಿರಿ. ಸೀಟಿ ಅದಕ್ಕೆ ತಾಗಿ ಕೂರಬೇಕು. ಬದಿಯಲ್ಲಿ ಬೆಣೆ ಹೊಡೆದರೆ ಉರುಳುವುದಿಲ್ಲ. ಅಡ್ಡ ಹಲಗೆಯಿಂದ 16 ಮಿ.ಮೀ. ದೂರದಲ್ಲಿ ಗರಗಸ ಇಳಿಯಲು ನೇರ ಸೀಳು, ಆಚೆಯಿಂದ ಸುಮಾರು 30 ಡಿಗ್ರಿ ಇಳಿಜಾರಿನ ಇನ್ನೊಂದು ಸೀಳು. ಬೆನ್ನಿರುವ ಗರಗಸವನ್ನೇ ಬಳಸಿ. ಬೆನ್ನು ಜಿಗ್‌ನ ಅಂಚಿಗೆ ತಾಗಿ ನಿಂತಾಗ 7 ಮಿ.ಮೀ. ಆಳ ಇಳಿದಿರಬೇಕು. 5 ಮಿ.ಮೀ. ಗೋಡೆ, 2 ಮಿ.ಮೀ. ತೂತಿನ ಒಳಕ್ಕೆ. ಎರಡೂ ಬೆರಳು ಗರಗಸದಿಂದ ದೂರವೇ ಇರುತ್ತವೆ.

ಅರಗಿನ ಬಣ್ಣ ಹಾಕುವುದು ಕಿಟಕಿ ಕತ್ತರಿಸುವ ಮೊದಲು. ಕಿಟಕಿ ಇರುವ ತುಂಡನ್ನು ಲೇತ್ ಮೇಲೆ ತಿರುಗಿಸಿದರೆ ಅರಗಿನ ಕಡ್ಡಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂದಮೇಲೆ ಜಿಗ್‌ಗೆ ಬರುವುದು ಹೊಳೆಯುವ ಸೀಟಿ. ಗೀರು ಬೀಳದಂತೆ ತೊಟ್ಟಿಲಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ. ಪಟ್ಟಿ ಅಂಟಿಸಿದ ಮೇಲೆಯೇ ಆಳ ಅಳೆದು ನೋಡಿ, ಮುಂಚೆ ಅಳೆದರೆ ಪ್ರಯೋಜನವಿಲ್ಲ.

ಈ ಜಿಗ್ ನಂಬಿರುವುದು ಹೊರಗಿನ 20 ಮಿ.ಮೀ.ಯನ್ನು. ಕಡೆದ ತುಂಡು ಅರ್ಧ ಮಿ.ಮೀ. ತೆಳ್ಳಗಿದ್ದರೆ ತೊಟ್ಟಿಲಲ್ಲಿ ಕೆಳಗೆ ಕೂರುತ್ತದೆ, ಕಿಟಕಿ ಅರ್ಧ ಮಿ.ಮೀ.ಗಿಂತಲೂ ಹೆಚ್ಚು ಮೇಲುಮೇಲಾಗುತ್ತದೆ. ಲೇತ್ ಪಕ್ಕದಲ್ಲಿ ತಗಡಿನ ಗೇಜ್ ಬೇಕೆನ್ನುವುದು ಇದಕ್ಕೇ. ತಗಡಿನಲ್ಲಿ ಎರಡು ಕಚ್ಚು: ಒಂದು 20.2, ಇನ್ನೊಂದು 19.8. ದೊಡ್ಡದರಲ್ಲಿ ತುಂಡು ಹೋಗಬೇಕು, ಚಿಕ್ಕದರಲ್ಲಿ ಹೋಗಬಾರದು. ಓದು ಬಾರದ ಅಮ್ಮನೂ ಇದರಲ್ಲಿ ತಪ್ಪುವುದಿಲ್ಲ. ಆದರೆ ಲೇತ್ ಪೂರ್ತಿ ನಿಂತ ಮೇಲೆಯೇ ಗೇಜ್ ಹಿಡಿಯಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ. ಕೈಗವಸು ಹಾಕಿಕೊಂಡು ಲೇತ್ ಮುಂದೆ ಕೂರಬೇಡಿ, ಅದು ಕೈಯನ್ನೇ ಎಳೆದುಕೊಳ್ಳುತ್ತದೆ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಹಸಿ ಮರದಲ್ಲಿ ಯಾವ ಜಿಗ್ಗೂ ನಡೆಯದು. ಹಸಿ ಇದ್ದಾಗ ಕೊರೆದ ದುಂಡು ತೂತು ಒಣಗಿದ ಮೇಲೆ ಮೊಟ್ಟೆಯಾಕಾರ ಆಗುತ್ತದೆ, ಬಿರಡೆ ಸಡಿಲವಾಗುತ್ತದೆ. ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಮರ ಬೇಕು. ಬಿರಡೆಗೂ ಮೈಗೂ ಒಂದೇ ರಾಶಿಯ ಮರ ಇದ್ದರೆ ಇನ್ನೂ ಒಳ್ಳೆಯದು.

ಕೊಳ್ಳುವುದೋ, ಮಾಡುವುದೋ?

ಮಾದರಿ ಇನ್ನೂ ಒಪ್ಪಿಗೆಯಾಗದಿದ್ದರೆ ಮರದ ಜಿಗ್ ಸಾಕು. ಗಿರಾಕಿ 'ಸ್ವಲ್ಪ ಉದ್ದ ಮಾಡಿ' ಅಂದರೆ ಬದಲಾಯಿಸಲು ಸುಲಭ. ಒಂದೇ ಮಾದರಿ ವರ್ಷವಿಡೀ ಹೋಗುತ್ತದೆ ಎಂದು ಖಾತ್ರಿಯಾದ ಮೇಲೆ ವರ್ಕ್‌ಶಾಪಿನಲ್ಲಿ ಕಬ್ಬಿಣದ್ದು ಮಾಡಿಸಿ. ಹೋಗುವಾಗ ಚಿತ್ರ ಮಾತ್ರ ಒಯ್ಯಬೇಡಿ, ಚೆನ್ನಾಗಿ ಕೂಗುವ ಸೀಟಿಯನ್ನೂ ನಿಮ್ಮ ಮರದ ಜಿಗ್ಗನ್ನೂ ಒಯ್ಯಿರಿ. ಹಣ ಪೂರ್ತಿ ಕೊಡುವ ಮೊದಲು ಅದರಲ್ಲಿ ಹತ್ತು ಸೀಟಿ ಮಾಡಿ ಊದಿ ನೋಡಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಜಿಗ್ ಹೊಳೆಯುತ್ತದೆ ಎಂದು ಕೊಳ್ಳಬೇಡಿ, ಅದು ಯಾರದೋ ಅಳತೆಗೆ ಮಾಡಿದ್ದು. ಮೊದಲ ಖರ್ಚನ್ನು ಒಂದು ವೆರ್ನಿಯರ್ ಕ್ಯಾಲಿಪರ್ ಮೇಲೆ ಹಾಕಿ ಎನ್ನುತ್ತೇನೆ ನಾನು. ಸ್ಕೇಲಿನಿಂದ 1.2 ಮಿ.ಮೀ. ಅಳೆಯಲು ಆಗುವುದಿಲ್ಲ.

ಮಗುವಿನ ಗಂಟಲು

ಸೀಟಿ ಬಾಯಿಗಿಡುವ ವಸ್ತು. ಬಿರಡೆ ಕಳಚಿ ಒಳಗೆ ಹೋದರೆ ಉಸಿರು ಕಟ್ಟುತ್ತದೆ. 3 ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಪರೀಕ್ಷೆ ಇದೆ: 31.7 ಮಿ.ಮೀ. ಅಗಲದ ಕೊಳವೆ, ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಆಟಿಕೆಯಾಗಲಿ, ಅದರಿಂದ ಕಳಚುವ ಭಾಗವಾಗಲಿ ಇದರೊಳಗೆ ಪೂರ್ತಿ ಮುಳುಗಬಾರದು. ಇದನ್ನು ಮರದಲ್ಲೇ ಕಡೆದು ಇಟ್ಟುಕೊಳ್ಳಬಹುದು. ನಮ್ಮ ಬಿರಡೆ ಇದರಲ್ಲಿ ಸುಲಭವಾಗಿ ಮುಳುಗುತ್ತದೆ. ಆದ್ದರಿಂದ ಈ ಸೀಟಿ ಪುಟ್ಟ ಮಕ್ಕಳಿಗಲ್ಲ, ಚೀಟಿಯ ಮೇಲೆ ಹಾಗೆಂದು ಬರೆಯಿರಿ. ದೊಡ್ಡ ಮಕ್ಕಳಿಗಾದರೂ ಬಿರಡೆಯನ್ನು ಅಂಟು ಹಾಕಿಯೇ ಕೂರಿಸಿ, ಒಣಗಿದ ಮೇಲೆ ಪ್ರತಿಯೊಂದನ್ನೂ ಇಕ್ಕಳದಲ್ಲಿ ಹಿಡಿದು ಎಳೆದು ನೋಡಿ. ಹತ್ತಕ್ಕೊಂದು ನೋಡಿದರೆ ಸಾಲದು.

ಕಾನೂನೂ ಇದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು, ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೂ, ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರು ಮಾಡುವುದಕ್ಕೂ ವಿನಾಯಿತಿ ಕೊಟ್ಟಿದ್ದಾರೆ. ನೋಂದಣಿ ಇಲ್ಲದೆ ಮಾರಾಟಕ್ಕೆ ಇಳಿಯಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಇಬ್ಬರು ಪ್ರತಿನಿಧಿಗಳು ಹೋಗಿ, ಈಗಿನ ನಿಯಮ ಕೇಳಿ, ಬಂದು ಸಭೆಯಲ್ಲಿ ತಿಳಿಸಿ.

ಇನ್ನು ಜಿಗ್ ಯಾರ ಮನೆಯಲ್ಲಿರಬೇಕು ಎಂಬ ಜಗಳ. ಅದು ಸಂಘದ ಆಸ್ತಿ, ಸಾಮಾನಿನ ಪುಸ್ತಕದಲ್ಲಿ ನಂಬರ್ ಹಾಕಿ ಬರೆಯಿರಿ, ಒಯ್ದವರು ಸಹಿ ಹಾಕಲಿ. ಚೆನ್ನಾಗಿ ಕೂಗುವ ಒಂದು ಸೀಟಿ, ಅದರ ಜೊತೆಗೆ ಅಂಟು ಹಾಕದ ಒಂದು ಬಿರಡೆ, ಇವೆರಡನ್ನೂ ಕೆಂಪು ದಾರ ಕಟ್ಟಿ ನಗದು ಪೆಟ್ಟಿಗೆಯಲ್ಲಿಡಿ. ಅದನ್ನು ಯಾರೂ ಮಾರಬಾರದು. ಎರಡನೇ ಜಿಗ್ ಮಾಡುವಾಗ ಮೊದಲ ಜಿಗ್ ನೋಡಿ ಮಾಡಬೇಡಿ, ಅದರ ಸವೆತವೂ ಜೊತೆಗೆ ಬರುತ್ತದೆ, ಆ ಮಾದರಿ ನೋಡಿಯೇ ಮಾಡಿ. ನೂರು ಬಿರಡೆ ಆದಾಗಲೊಮ್ಮೆ ಹೊಸ ಬಿರಡೆಯನ್ನು ಕೆಂಪು ದಾರದ್ದರ ಪಕ್ಕ ಇಟ್ಟು ಕ್ಯಾಲಿಪರ್‌ನಲ್ಲಿ ಅಳೆದು, ತಾರೀಖು ಸಹಿತ ಬರೆದಿಡಿ. ದಪ್ಪ 8.8 ಮಿ.ಮೀ. ಇರಬೇಕು. 8.6ಕ್ಕೆ ಇಳಿದರೆ ಬ್ಲೇಡ್ ಬದಲಾಯಿಸುವ ಹೊತ್ತು ಬಂತು ಎಂದು ತಿಳಿಯಿರಿ.