ಎರಡು ಗಳಿಗೆಯ ಗಡುವು

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೇರಿ ಸುಮಾರು 58 ಅಡಿ ಎತ್ತರದ ಗೊಮ್ಮಟನೆದುರು ನಿಂತವನಿಗೆ ಕಾಲವು ಅಳತೆಗೆ ಸಿಲುಕದ ವಸ್ತುವೆಂದು ತೋರುವುದು ಸಹಜವಾದರೂ, ಅದನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ಅಳೆಯಲೆಳಸಿದವರು ವಿರಳ. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಎಪ್ಪತ್ತೇಳು ಲವಗಳಿಗೆ ಒಂದು ಮುಹೂರ್ತವೆಂಬುದು ಅವರ ಗಣನೆ. ಗುಣಿಸಿದರೆ ಮುಹೂರ್ತಕ್ಕೆ 3773 ಉಚ್ಛ್ವಾಸ. ಅಹೋರಾತ್ರಿಗೆ ಮೂವತ್ತು ಮುಹೂರ್ತಗಳಾದುದರಿಂದ ಒಂದೊಂದೂ 48 ನಿಮಿಷ; ನಿಮಿಷಕ್ಕೆ 78ಕ್ಕೂ ತುಸು ಮಿಗಿಲು. ವಿಶ್ರಾಂತಿಯಲ್ಲಿರುವ ಮನುಷ್ಯನು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿಯಷ್ಟೆ ಉಸಿರಾಡುವನಾದ್ದರಿಂದ, ಈ ಲೆಕ್ಕ ಶ್ವಾಸಕ್ಕಿಂತ ನಾಡಿಯ ಮಿಡಿತಕ್ಕೇ ಹೆಚ್ಚು ಹೊಂದುವುದೆಂದು ನನಗೆ ತೋರುತ್ತದೆ.

ಶ್ರಾವಕರು, ಎಂದರೆ ಜೈನ ಗೃಹಸ್ಥರು, ಸಾಮಾಯಿಕವೆಂಬ ಧ್ಯಾನಕ್ಕೆ ಕುಳಿತುಕೊಳ್ಳುವ ವಾಡಿಕೆಯ ಅವಧಿಯೂ ಈ ಒಂದು ಮುಹೂರ್ತವೇ. ಅಷ್ಟು ಹೊತ್ತು ವ್ಯವಹಾರವಿಲ್ಲ, ಹರಟೆಯಿಲ್ಲ.

ಹೀಗೆ ಕುಳಿತ ಮನುಷ್ಯನ ಅವಧಾನಕ್ಕೂ ಎಲ್ಲೆಯುಂಟೆಂಬುದನ್ನು ಪ್ರಯೋಗಮುಖೇನ ತೋರಿದವನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್. ರೇಡಾರ್ ಪರದೆಯನ್ನು ಕಾಯುವ ಸೈನಿಕರು ಕಣ್ಣೆದುರಿನ ಸಂಜ್ಞೆಯನ್ನೇ ಕಾಣದೆಹೋಗುವುದೇಕೆಂದು ಶೋಧಿಸಹೊರಟ ಆತನು, ಗಡಿಯಾರದ ಮುಳ್ಳಿನಂಥದೊಂದು ಮುಳ್ಳು ಎಂದಾದರೊಮ್ಮೆ ಇಮ್ಮಡಿ ನೆಗೆಯುವುದನ್ನು ಗುರುತಿಸುವಂತೆ ಜನರನ್ನು ಎರಡು ಗಂಟೆ ಕೂರಿಸಿ ನೋಡಲಾಗಿ, ಮೊದಲ ಅರ್ಧ ಗಂಟೆ ಕಳೆಯುತ್ತಲೇ ಅವರ ಎಚ್ಚರ ಕುಂದಿತು. ಅರ್ಧರ್ಧ ಗಂಟೆಗೆ ಬಿಡುವಿತ್ತಾಗ ಕುಂದಲಿಲ್ಲ. ಇದು ಪ್ರಕಟವಾದುದು 1948ರಲ್ಲಿ.

ದೂರದ ಗಡುವಿನಲ್ಲಿ ನಾವು ಎಡವುವುದು ಬೇರೊಂದು ಕಾರಣದಿಂದ. ಕೈಗೊಂಡ ಕಾರ್ಯಕ್ಕೆ ಹಿಡಿಯುವ ಕಾಲವನ್ನು ಕಡಿಮೆ ಎಣಿಸುವ ಈ ಯೋಜನಾಭ್ರಾಂತಿಯನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಹೆಸರಿಸಿದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆನಡಾದ ವಿದ್ಯಾರ್ಥಿಗಳು ತಮ್ಮ ಪ್ರಬಂಧ 34 ದಿನಗಳಲ್ಲಿ ಮುಗಿಯುವುದೆಂದರು, ಎಲ್ಲವೂ ಕೆಟ್ಟರೆ 49 ಎಂದರು; ಹಿಡಿದದ್ದು ಸರಾಸರಿ 55 ದಿನ. ವಿಪತ್ತನ್ನು ಊಹಿಸುವಾಗಲೂ ಆಶಾವಾದಿಯಾಗಿಯೇ ಉಳಿಯುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು!

ಬೆಳಗೊಳದಲ್ಲಿ ಈ ಭ್ರಾಂತಿಗೆ ಎಡೆ ಕಡಿಮೆ. ಮೂರ್ತಿಯ ಸಹಸ್ರಮಾನದ 1981ರ ಮಹಾಮಸ್ತಕಾಭಿಷೇಕವಾಗಲಿ, 2018ರದಾಗಲಿ, ಲಗ್ನ ಗೊತ್ತಾದ ಮೇಲೆ ಮುಂದೂಡುವಂತಿಲ್ಲ; ಬೆನ್ನ ಹಿಂದೆ ಅಟ್ಟಣಿಗೆ ಏಳದೆ ಕಲಶದ ನೀರು ನೆತ್ತಿಯನ್ನು ಮುಟ್ಟದು; ಬೆಟ್ಟದ ಮೇಲಕ್ಕೆ ಸಾಮಗ್ರಿ ಸಾಗದೆ ಅಟ್ಟಣಿಗೆ ಏಳದು. ಆದ್ದರಿಂದ ಇಲ್ಲಿ ಲೆಕ್ಕವು ನೆತ್ತಿಯಿಂದ ಪಾದಕ್ಕೆ, ಅಭಿಷೇಕದ ದಿನದಿಂದ ಇಂದಿನ ದಿನಕ್ಕೆ ಇಳಿಯಬೇಕು. ದೂರದ ಒಂದು ಗಡುವು ಹೀಗೆ ಹತ್ತಿರದ ಹಲವು ಗಡುವುಗಳಾಗುತ್ತದೆ.

ಇಂಥ ಹತ್ತಿರದ ಗಡುವಿಗೆ ಒಪ್ಪುವ ಅಳತೆಯೊಂದುಂಟು: ಮುಹೂರ್ತದ ಅರ್ಧವಾದ ಗಳಿಗೆ, 24 ನಿಮಿಷ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಗೆ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವನ್ನಿಟ್ಟುಕೊಂಡು ರೂಪಿಸಿದ ಅಭ್ಯಾಸಕ್ರಮದಲ್ಲಿ ಒಂದು ಸರದಿ 25 ನಿಮಿಷ, ಅನಂತರ ಕಿರುಬಿಡುವು. ನಮ್ಮ ಹಿರಿಯರಿಗೆ ಮನಶ್ಶಾಸ್ತ್ರ ಮೊದಲೇ ಕರಗತವಾಗಿತ್ತೆಂದು ಬೀಗುವುದು ಸಲ್ಲದು. ಅವರು ದಿನವನ್ನು ಅರುವತ್ತಾಗಿ ಭಾಗಿಸಿದ್ದರು, ಅಷ್ಟೆ. ಆದರೂ ತಳದ ಸಣ್ಣ ರಂಧ್ರದಿಂದ ನೀರು ತುಂಬಿ ಮುಳುಗುವ ಗಳಿಗೆಬಟ್ಟಲು ತಾನಾಗಿ ಮೇಲೇಳುತ್ತಿರಲಿಲ್ಲ. ಕಾಯುತ್ತಿದ್ದವನು ಪ್ರತಿಸಲವೂ ಅದನ್ನೆತ್ತಿ, ಬರಿದುಮಾಡಿ, ಮತ್ತೆ ತೇಲಿಬಿಡಬೇಕಾಗಿತ್ತು.